ಪಯಸ್ವಿನಿಯ ಸೀಮೆಯಿಂದ ಕಂಡ ಜಲಚಿಕಿತ್ಸೆ

ಮಡಿಕೇರಿಯಿಂದ ಘಟ್ಟವಿಳಿದು, ಕೊಡಗು ಮುಗಿದು ದಕ್ಷಿಣ ಕನ್ನಡ ಮೊದಲಾಗುವ ಸಂಪಾಜೆಗೆ ಬಂದವನಿಗೆ, ಪಯಸ್ವಿನಿಯ ತಂಪು ಮೈಗೆ ತಾಗಿದೊಡನೆ ದಾರಿಯ ಆಯಾಸ ಅರ್ಧ ಇಳಿದುಹೋಗುತ್ತದೆ. ಒರತೆಯ ನೀರನ್ನು ಅಡಕೆಯ ದಂಬೆಯಲ್ಲಿ ಅಂಗಳಕ್ಕೆ ಹರಿಯಿಸಿಕೊಂಡು ಬಾಳಿದ ಈ ಸೀಮೆಯಲ್ಲಿ ನಿಂತು, ನೀರೇ ಔಷಧವೆಂಬ ಶಾಸ್ತ್ರ ನಮಗೆ ಜರ್ಮನ್ ನಾಡಿನಿಂದ ಬಂದಿತೆಂದು ನೆನೆದರೆ ವಿಸ್ಮಯವೆನಿಸುತ್ತದೆ. ಚರಕಸಂಹಿತೆಯ ಸ್ವೇದವಿಧಿಗಳಲ್ಲಿ ಪರಿಷೇಕ, ಅವಗಾಹಗಳು ಇದ್ದೇ ಇವೆ. ಆದರೆ ಅಲ್ಲಿಯದು ಬಹುಮಟ್ಟಿಗೆ ಬಿಸಿಯಾದ ಕಷಾಯ. ತಣ್ಣೀರನ್ನೇ ನಿಯಮಬದ್ಧವಾದ ಚಿಕಿತ್ಸೆಯಾಗಿಸಿದವನು, ಮುರಿದ ತನ್ನ ಪಕ್ಕೆಲುಬುಗಳನ್ನು ಒದ್ದೆ ಬಟ್ಟೆಯ ಪಟ್ಟಿಯಿಂದ ವಾಸಿಮಾಡಿಕೊಂಡ ಸೈಲೀಷಿಯಾದ ರೈತ ವಿನ್ಸೆಂಟ್ ಪ್ರೀಸ್ನಿಟ್ಸ್ (1799–1851). ಅನಂತರ ಬಂದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್‌ನ ಜಲಚಿಕಿತ್ಸಾಗ್ರಂಥ 1886ರಲ್ಲಿ ಅಚ್ಚಾಯಿತು.

ಭಾರತದಲ್ಲಿ ಬೇರೂರಿದ್ದು ಮಾತ್ರ ಲೀಪ್‌ಜಿಗ್‌ನ ಲೂಯಿ ಕೂನೆಯ ಪದ್ಧತಿ. ತಗಡಿನ ತೊಟ್ಟಿಯಲ್ಲಿ ಹೊಕ್ಕುಳಮಟ್ಟಕ್ಕೆ ತಣ್ಣೀರು ತುಂಬಿ, ಕಾಲುಗಳನ್ನು ಹೊರಗಿರಿಸಿ ಕುಳಿತು, ಒರಟು ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ಮೆಲ್ಲಗೆ ಉಜ್ಜುವ ಕಟಿಸ್ನಾನಕ್ಕೆ ವೈದ್ಯನೂ ಬೇಡ, ವೆಚ್ಚವೂ ಇಲ್ಲ. ರೋಗಗಳೆಲ್ಲಕ್ಕೂ ಮೂಲವೊಂದೇ ಎಂಬ ಅವನ ಸಿದ್ಧಾಂತವನ್ನು ನಾನು ಒಪ್ಪಲಾರೆ. ಬಡವನ ಕೈಗೆಟಕುವ ಶುಶ್ರೂಷೆಯನ್ನು ತೋರಿಸಿದ ಅವನ ಉಪಕಾರವನ್ನು ಮರೆಯಲೂ ಆರೆ.

ಕೂನೆಯ ಗ್ರಂಥವನ್ನು ಮನಸಾರೆ ನಂಬಿದವರು ಗಾಂಧೀಜಿ. 1902ರಲ್ಲಿ ಮುಂಬಯಿಯಲ್ಲಿ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಜ್ವರ ಬಂದು, ವೈದ್ಯರು ಮೊಟ್ಟೆ, ಕೋಳಿಸಾರು ಕೊಡಬೇಕೆಂದಾಗ, ತಂದೆ ಒಪ್ಪದೆ, ಹಿಂಡಿದ ಒದ್ದೆ ಹೊದಿಕೆಯನ್ನು ಮಗುವಿನ ಮೈಗೆ ಸುತ್ತಿ, ಮೇಲೆ ಕಂಬಳಿ ಹೊದಿಸಿ, ತಲೆಗೆ ಒದ್ದೆ ಅಂಗವಸ್ತ್ರವಿರಿಸಿ, ಉದ್ವೇಗವನ್ನು ತಾಳಲಾರದೆ ಚೌಪಾಟಿಯ ಕಡೆಗೆ ನಡೆದುಹೋದರು. ಹಿಂದಿರುಗಿದಾಗ ಮಗುವಿನ ಹಣೆಯಲ್ಲಿ ಬೆವರು ಮೂಡಿತ್ತು. ಚಿಕಿತ್ಸೆಯ ಇತಿಹಾಸದಲ್ಲಿ ಒಬ್ಬ ತಂದೆಯ ಆ ಸಂಕಟಕ್ಕೂ ಸ್ಥಾನವಿರಬೇಕೆಂದು ನನಗೆ ತೋರುತ್ತದೆ. ಅದೇ ಗಾಂಧೀಜಿ 1934ರ ಫೆಬ್ರವರಿಯಲ್ಲಿ ಹರಿಜನಸೇವೆಯ ಯಾತ್ರೆಯಲ್ಲಿ ಕೊಡಗನ್ನೂ ದಕ್ಷಿಣ ಕನ್ನಡವನ್ನೂ ಸಂದರ್ಶಿಸಿದರು. 1946ರಲ್ಲಿ ಪುಣೆಯ ಸಮೀಪದ ಉರುಳಿಕಾಂಚನದಲ್ಲಿ ನಿಸರ್ಗೋಪಚಾರದ ಆಶ್ರಮವನ್ನು ತೆರೆದರು.

ಘಟ್ಟದ ಕೆಳಗೆ ಈ ವಿದ್ಯೆ ಪಾಠಶಾಲೆಯನ್ನು ಕಂಡದ್ದು ಉಜಿರೆಯಲ್ಲಿ. 1989ರಲ್ಲಿ ಅಲ್ಲಿ ಸ್ಥಾಪಿತವಾದ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿಚಿಕಿತ್ಸಾ ಮಹಾವಿದ್ಯಾಲಯದಲ್ಲಿ ತರುಣ ತರುಣಿಯರು ಶರೀರಶಾಸ್ತ್ರದೊಡನೆ ಕಟಿಸ್ನಾನವನ್ನೂ ಒದ್ದೆಪಟ್ಟಿಯನ್ನೂ ಕಲಿಯುತ್ತಾರೆ.