ಹಳೆ ನಗರದಿಂದ ಹೊಸನಗರಕ್ಕೆ

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಕೊಡಬೇಕು ಎಂದು ಅಧ್ಯಕ್ಷರು ಹೇಳಿದಾಗ ನನಗೆ ಕೈಕಾಲು ಆಡಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆ-ತೋಟಕ್ಕೆ ಇಳಿದವನು ನಾನು. ಆದರೂ ನಮ್ಮ ತಾಲ್ಲೂಕು ಕೇಂದ್ರ ಹೊಸನಗರ ಹೇಗೆ ಆಯಿತು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಲಿ ಅಂತ ನಾಲ್ಕು ಮಾತು ಬರೆದಿದ್ದೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಹೊಸನಗರ ಅಂದ ಮೇಲೆ ಹಳೆಯ ನಗರ ಒಂದು ಇರಲೇಬೇಕಲ್ಲ. ಅದೇ ನಮ್ಮ ಬಿದನೂರು ನಗರ. ಕೆಳದಿ ಅರಸರು ಮೊದಲು ಕೆಳದಿಯಲ್ಲಿ, ಆಮೇಲೆ ಇಕ್ಕೇರಿಯಲ್ಲಿ ಇದ್ದವರು. ಬಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿದ್ದ ನಂತರ, 1640ರ ಸುಮಾರಿಗೆ, ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ ಬಂತು. ಸುತ್ತ ಗುಡ್ಡ, ದಟ್ಟ ಕಾಡು, ಆರು ತಿಂಗಳು ಮಳೆ. ಶತ್ರು ಬರುವುದು ಸುಲಭವಲ್ಲ. ಘಟ್ಟ ಇಳಿದರೆ ಕರಾವಳಿಯ ಬಂದರುಗಳು. ಮೆಣಸು, ಅಕ್ಕಿ ಹೋಗುತ್ತಿದ್ದ ದಾರಿ ಅದು.

ಆಮೇಲೆ ಬಂದವನು ಶಿವಪ್ಪ ನಾಯಕ (1645-1660). ಕೋಟೆ, ದೇವಗಂಗೆ ಕೊಳ ನೋಡಲು ಈಗಲೂ ಜನ ಬರುತ್ತಾರೆ. ಆದರೆ ರೈತರಾದ ನಾವು ನೆನೆಯಬೇಕಾದ್ದು ಅವನ ಶಿಸ್ತನ್ನು. ಶಿಸ್ತು ಅಂದರೆ ಭೂಮಿಯ ಕಂದಾಯದ ಲೆಕ್ಕ. ಊರೂರಿನಲ್ಲಿ ಒಂದೊಂದು ತರದ ಜಮೀನನ್ನು 12 ವರ್ಷ ಸರ್ಕಾರದಿಂದಲೇ ಸಾಗುವಳಿ ಮಾಡಿಸಿ, ಬೀಜ ಎಷ್ಟು, ಖರ್ಚೆಷ್ಟು, ಬೆಳೆ ಎಷ್ಟು ಅಂತ ಬರೆಸಿದನಂತೆ. ಒಳ್ಳೆ ವರ್ಷ, ಕೆಟ್ಟ ವರ್ಷ ಎರಡನ್ನೂ ಸೇರಿಸಿ ಸರಾಸರಿ ತೆಗೆದು, ಮೂರನೇ ಒಂದು ಪಾಲು ಸರ್ಕಾರಕ್ಕೆ ಎಂದು ನಿಗದಿ ಮಾಡಿದ. ಅಡಿಕೆ ತೋಟಕ್ಕೆ ಸಾವಿರ ಮರಕ್ಕೆ ಇಂತಿಷ್ಟು ಅಂತ ಲೆಕ್ಕ. ಮೂರನೇ ಪಾಲು ಕಡಿಮೆಯೇನಲ್ಲ. ಆದರೆ ಮಣ್ಣು ನೋಡಿ ಹಾಕಿದ ಲೆಕ್ಕ ಆದ್ದರಿಂದ ರೈತನಿಗೆ ನಂಬಿಕೆ ಇತ್ತು.

1763ರಲ್ಲಿ ರಾಣಿ ವೀರಮ್ಮಾಜಿಯ ಕೈಯಿಂದ ಹೈದರಾಲಿ ಬಿದನೂರನ್ನು ಗೆದ್ದುಕೊಂಡ. ಅದಕ್ಕೆ ಹೈದರನಗರ ಎಂದು ಹೆಸರಿಟ್ಟು, ಅಲ್ಲಿ ನಾಣ್ಯವನ್ನೂ ಅಚ್ಚು ಹಾಕಿಸಿದ. ಹೈದರ ಹೋದ, ನಗರ ಎಂಬುದು ಉಳಿಯಿತು. 1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ಮತ್ತೆ ಕಸಿದುಕೊಂಡ. ಇಂಥ ಏಟುಗಳಿಂದ ಪೇಟೆ ಮೊದಲಿನ ಹಾಗೆ ಏಳಲೇ ಇಲ್ಲ.

ಮುಂದೆ ಮೈಸೂರು ಅರಸರ ಕಾಲದಲ್ಲಿ ಶರ್ತು ಪದ್ಧತಿ ಬಂತು. ಇಷ್ಟು ಹಣ ವಸೂಲು ಮಾಡಿಯೇ ಕೊಡುತ್ತೇನೆ ಎಂದು ಅಮಲ್ದಾರರು ಬರೆದುಕೊಡುವುದು, ಆಮೇಲೆ ರೈತನ ಕುತ್ತಿಗೆ ಹಿಡಿಯುವುದು. ಬೆಳೆ ಬಂತೋ ಇಲ್ಲವೋ ಕೇಳುವವರಿಲ್ಲ. 1830ರಲ್ಲಿ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲ ಎಂದರು. ಅದೇ ನಗರ ದಂಗೆ. ದಂಗೆಯನ್ನು ಅಡಗಿಸಿದರು, ಆದರೆ ಅದೇ ಕಾರಣ ತೋರಿಸಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ತೆಗೆದುಕೊಂಡರು. 1881ರವರೆಗೆ ಅದು ಅರಸರ ಕೈಗೆ ವಾಪಸು ಬರಲಿಲ್ಲ. ನಮ್ಮ ಮಲೆನಾಡಿನ ರೈತನ ಸಿಟ್ಟು ಎಲ್ಲಿಯವರೆಗೆ ಮುಟ್ಟಿತು ನೋಡಿ!

1893ರಲ್ಲಿ ತಾಲ್ಲೂಕು ಕಚೇರಿಯನ್ನು ನಗರದಿಂದ ಕಲ್ಲೂರುಕಟ್ಟೆಗೆ ತಂದರು. ಕಲ್ಲೂರುಕಟ್ಟೆಯೇ ಹೊಸನಗರ ಆಯಿತು. ಇಲ್ಲಿ ಅರಮನೆ ಇಲ್ಲ, ಕೋಟೆ ಇಲ್ಲ. ಇದು ಕಚೇರಿಯಿಂದ ಬೆಳೆದ ಊರು. ಕೈಯಲ್ಲಿ ಕೊಡೆ, ಬಗಲಲ್ಲಿ ಪ್ಲಾಸ್ಟಿಕ್ ಸುತ್ತಿದ ಕಾಗದ-ಪತ್ರ, ಹೀಗೆ ಬಸ್ಸಿಳಿಯುವ ಹಳ್ಳಿಯವರೇ ಈ ಪೇಟೆಯ ಜೀವ. ಭೂ ಸುಧಾರಣೆ ಬಂದಾಗ ನಮ್ಮಪ್ಪಯ್ಯ ಗೇಣಿ ಜಮೀನಿಗೆ ಡಿಕ್ಲರೇಷನ್ ಕೊಡಲು ಬುತ್ತಿ ಕಟ್ಟಿಕೊಂಡು ನಡೆದೇ ಹೋಗಿದ್ದರಂತೆ. ನಾನು ಇವತ್ತು ಉಣ್ಣುವ ಅನ್ನ ಆ ಒಂದು ಕಾಗದದ್ದು. ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ನಮ್ಮ ತಾಲ್ಲೂಕಿನ ಎಷ್ಟೋ ಊರು ಮುಳುಗಿದವು. ಎದ್ದು ಹೋದವರಲ್ಲಿ ಹಲವರಿಗೆ ಹಕ್ಕುಪತ್ರದ ಸಮಸ್ಯೆ ಇವತ್ತಿಗೂ ಮುಗಿದಿಲ್ಲ.

ಇಷ್ಟೆಲ್ಲ ಹಳೇ ಕತೆ ಸಂಘದ ಸಂಚಿಕೆಯಲ್ಲಿ ಯಾಕೆ ಅಂತ ಕೇಳಬಹುದು. ಹೇಳ್ತೀನಿ. ಈಚಿನ ವರ್ಷಗಳಲ್ಲಿ ನಗರ ಹೋಬಳಿ ಕಡೆಯ ತೋಟಗಳಿಗೆ ಎಲೆಚುಕ್ಕಿ ರೋಗ ಬಿದ್ದು ಫಸಲು ನೆಲಕ್ಕೆ ಹೋಗಿದ್ದು ನಿಮಗೆಲ್ಲ ಗೊತ್ತು. ಆಡಳಿತ ಮಂಡಳಿ ಸಭೆಯಲ್ಲಿ ಸುಸ್ತಿದಾರರ ಪಟ್ಟಿ ಓದುವಾಗ ನನ್ನ ಪಕ್ಕದ ತೋಟದವರ ಹೆಸರೂ ಬಂತು. ಎಲ್ಲರಿಗೂ ಒಂದೇ ನೋಟೀಸು ಕಳಿಸಿ ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಆ ತೋಟದಲ್ಲಿ ಹಸುರು ಸೋಗೆ ಹುಡುಕಬೇಕು. ನಾನು ಮಾಡಿದ್ದು ಶರ್ತಿನ ಲೆಕ್ಕ, ಶಿಸ್ತಿನದಲ್ಲ ಅನ್ನಿಸಿತು.

ಸಾಲ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಸಂಘದ ದುಡ್ಡು ನಮ್ಮ ನಿಮ್ಮ ಠೇವಣಿ, ಹೆಂಗಸರು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟು ತಂದ ಹಣ. ಕೈಲಾಗುವವರು ಗಡುವಿಗೆ ಕಟ್ಟಲೇಬೇಕು. ಆದರೆ ನೋಟೀಸಿಗೆ ಮೊದಲು ಇಬ್ಬರು ನಿರ್ದೇಶಕರು ತೋಟಕ್ಕೆ ಹೋಗಿ ಬರಲಿ, ಕಂತನ್ನು ಫಸಲು ನೋಡಿ ಹಾಕಲಿ. ಈ ಮಾತನ್ನು ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನಾನೇ ಇಡುತ್ತೇನೆ. ತಾವೆಲ್ಲ ಬಂದು ಸರಿಯೋ ತಪ್ಪೋ ಹೇಳಬೇಕು.

ಕೋಟೆ ಇದ್ದೂ ಹಳೆ ನಗರ ತಾಲ್ಲೂಕು ಕೇಂದ್ರವಾಗಿ ಉಳಿಯಲಿಲ್ಲ. ನಮ್ಮ ಸಂಘಕ್ಕೆ ಕೋಟೆಯೂ ಇಲ್ಲ, ಇರುವುದು ಒಂದು ಲೆಡ್ಜರು, ಅದರ ಮೇಲೆ ನಿಮ್ಮ ನಂಬಿಕೆ. 25 ವರ್ಷ ಅದನ್ನು ಕಾಪಾಡಿಕೊಂಡು ಬಂದ ಹಿರಿಯರಿಗೆ ಕೈಮುಗಿದು ನನ್ನ ಮಾತು ಮುಗಿಸುತ್ತೇನೆ.