ಪಹಣಿಯ ಹೆಸರು, ಸಹಾಯಧನದ ದಾರಿ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳನ್ನು ಕುರಿತು

ಕೃಷಿ ಸಹಾಯಧನದ ಮಾತು ಬಂದಾಗಲೆಲ್ಲ ಮೊತ್ತ ಸಾಲದೆಂಬ ದೂರೇ ಮುಂದೆ ನಿಲ್ಲುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು, ಹಣ ಯಾರ ಹೆಸರಿಗೆ ಬರುತ್ತದೆ ಎಂಬುದು. ಪಿಎಂ ಕಿಸಾನ್ ಆಗಲಿ, ಬೆಳೆ ವಿಮೆಯಾಗಲಿ, ಆಧಾರ ಪಹಣಿಯೇ. ರೈತರನ್ನು ಗುರುತಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ ನಿಂತಿರುವುದೂ ಅದರ ಮೇಲೆಯೇ. ಆದರೆ ಇಲ್ಲಿನ ಪಹಣಿ ಮದ್ರಾಸ್ ಆಡಳಿತದ ವರ್ಗ ಜಮೀನು (ಖಾಸಗಿ ಪಟ್ಟಾ), ಮೂಲಗೇಣಿ ಎಂಬ ಶಾಶ್ವತ ಗೇಣಿ, ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನದ ಅವಿಭಕ್ತ ಆಸ್ತಿ, 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಕೊಟ್ಟ ಡಿಕ್ಲರೇಶನ್ ಇವುಗಳಿಂದ ಪದರ ಪದರವಾಗಿ ರೂಪುಗೊಂಡದ್ದು.

2019ರ ಫೆಬ್ರವರಿ 24ರಂದು ಚಾಲನೆ ಪಡೆದ ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುತ್ತದೆ. ಅದೇ ವರ್ಷ ರಾಜ್ಯ ಸರ್ಕಾರ 4,000 ಸೇರಿಸಿತ್ತು. ಅದು ಈಗ ನಿಂತಿದೆ. ಯೋಜನೆಯ ಲೆಕ್ಕದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಆಗಬೇಕು. ಅದಕ್ಕೆ ಮರಣಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಬೇಕು. ಒಬ್ಬರು ಮುಂಬಯಿಯಲ್ಲಿ, ಇನ್ನೊಬ್ಬರು ಗಲ್ಫಿನಲ್ಲಿದ್ದರೆ ಕಡತ ವರ್ಷಗಟ್ಟಲೆ ಅಲುಗುವುದಿಲ್ಲ. ಎರಡು ಸಾವಿರದ ಕಂತಿಗಾಗಿ ಪಾಲುಪಟ್ಟಿಯ ಹಳೇ ಜಗಳ ಎಬ್ಬಿಸಲು ಯಾರೂ ಮುಂದಾಗದಿದ್ದರೆ ಆಶ್ಚರ್ಯವೇನಿಲ್ಲ.

ಗದ್ದೆಯ ವಿಷಯ ಇನ್ನೂ ವಿಚಿತ್ರ. ಹಡಿಲು (ಪಾಳು) ಬಿದ್ದ ಗದ್ದೆಯ ಒಡೆಯನಿಗೂ ಅರ್ಹತೆಯಿದ್ದರೆ ಕಂತು ಬರುತ್ತದೆ. ಬಾಯಿಮಾತಿನ ಗೇಣಿಗೆ ಅಂಥ ಗದ್ದೆ ಹಿಡಿದು ಉತ್ತು ಬಿತ್ತುವ ನೆರೆಯವನಿಗೆ ಬರುವುದಿಲ್ಲ. ಕೆಲವೇ ವಿನಾಯಿತಿ ಬಿಟ್ಟರೆ 1974ರ ಕಾನೂನು ಗೇಣಿಯನ್ನೇ ನಿಷೇಧಿಸಿರುವುದರಿಂದ ಅವನು ತೋರಿಸಬಹುದಾದ ಕಾಗದವೇ ಇಲ್ಲ. ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಕಾನೂನು ಇಂದಿನ ಗೇಣಿದಾರನನ್ನು ದಾಖಲೆಯಿಂದಲೇ ಹೊರಗಿಟ್ಟಿದೆ.

ಇದಕ್ಕಿಂತ ಜಟಿಲವಾದದ್ದು ಕುಮ್ಕಿ. ವರ್ಗ ಜಮೀನಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಸೌದೆ ತೆಗೆಯುವ ಈ ಸವಲತ್ತನ್ನು 1964ರ ಭೂಕಂದಾಯ ಕಾಯ್ದೆಯೂ ಉಳಿಸಿಕೊಂಡಿತು. ಒಡೆತನ ಮಾತ್ರ ಕೊಡಲಿಲ್ಲ. ಅಂಥ ಜಾಗದಲ್ಲಿ ಎಷ್ಟೋ ಕಡೆ ಈಗ ಅಡಿಕೆ ಎದ್ದಿದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ ಇಟ್ಟಾಗ ಬೆಳೆಗಾರ ಕಟ್ಟಬೇಕಾದದ್ದು ಶೇ. 5, ಅಂದರೆ 6,400. ವರ್ಗದ ಮರಕ್ಕೂ ಕುಮ್ಕಿಯ ಮರಕ್ಕೂ ಒಂದೇ ಡ್ರಮ್ಮಿನ ಬೋರ್ಡೋ ದ್ರಾವಣ ಬೀಳುತ್ತದೆ, ಆಟಿ ತಿಂಗಳ ಮಳೆ ಬಿಡದೆ ಹಿಡಿದರೆ ಕೊಳೆರೋಗವೂ ಎರಡಕ್ಕೂ ತಗಲುತ್ತದೆ. ವಿಮೆ ಮೊದಲನೆಯದಕ್ಕೆ ಮಾತ್ರ. ಪರಿಹಾರ ತೀರ್ಮಾನವಾಗುವುದು ಮಳೆಮಾಪಕದ ಅಂಕಿಗಳಿಂದ. ಉದುರಿದ ಕಾಯಿ ಎಣಿಸಲು ತೋಟಕ್ಕೆ ಯಾರೂ ಬರುವುದಿಲ್ಲ. ಹಾಗಿದ್ದೂ ಒಡೆತನದ ದಾಖಲೆಗೆ ಇಷ್ಟು ಪಟ್ಟು ಹಿಡಿಯುವುದು ವಿಮೆಯ ತರ್ಕಕ್ಕಿಂತ ಕಂದಾಯ ಇಲಾಖೆಯ ಅಭ್ಯಾಸವೆಂದೇ ನನಗೆ ತೋರುತ್ತದೆ. ಕುಮ್ಕಿಯನ್ನು ದಾಖಲೆಗೆ ಸೇರಿಸಿದರೆ ಸರ್ಕಾರಿ ಜಾಗದ ಒತ್ತುವರಿಗೆ ಮುದ್ರೆ ಒತ್ತಿದಂತಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಭೂಹೀನರ ಪಾಲಿನ ಪ್ರಶ್ನೆಯೂ ಅಲ್ಲೇ ಇದೆ.

ವರ್ಗ, ಕುಮ್ಕಿಗಳ ನಡುವಿನ ಈ ಗಡಿಯನ್ನು ಲೆಕ್ಕಿಸದ ಸಹಾಯಧನವೂ ಒಂದುಂಟು: 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಉಚಿತ ವಿದ್ಯುತ್. ಸಂಪರ್ಕ ವರ್ಗದ ಬಾವಿಗೇ ಸಿಕ್ಕಿದ್ದರೂ ಪೈಪು ಕುಮ್ಕಿಯ ತೋಟಕ್ಕೂ ಹೋಗುತ್ತದೆ. ಅಲ್ಲಿನ ಅಡಿಕೆಯನ್ನು ವಿಮೆಗೆ ಒಪ್ಪದ ಅದೇ ಸರ್ಕಾರ ಅದಕ್ಕೆ ನೀರೆತ್ತುವ ಕರೆಂಟಿನ ಖರ್ಚನ್ನು ಪ್ರತಿ ಬೇಸಿಗೆಯಲ್ಲೂ ಭರಿಸುತ್ತಿದೆ.