ಎರಡು ಕಿಡಿಗಳ ನಡುವಿನ ಇಪ್ಪತ್ತು ಡಿಗ್ರಿ

ಮಾಜ್ಡಾ ಆರ್‌ಎಕ್ಸ್-7 ಎಂಬ ಜಪಾನಿ ಕಾರು 1978ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಎಂಜಿನ್ನಿನ ಮುಂದಿರುವ ಪುಲ್ಲಿಯನ್ನು ನೀವು ಹತ್ತಿರದಿಂದ ನೋಡಿದರೆ, ಬಣ್ಣ ಮಾಸದೆ ಉಳಿದಿದ್ದರೆ, ಎರಡು ಗುರುತುಗಳು ಕಾಣುತ್ತವೆ. ಒಂದು ಹಳದಿ, ಇನ್ನೊಂದು ಕೆಂಪು. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಒಂದು ಕಿಡಿ ಹಾರುವ ವೇಳೆಯನ್ನು ಸರಿಪಡಿಸಿದರೆ ಮೆಕ್ಯಾನಿಕ್‌ನ ಕೆಲಸ ಮುಗಿಯುತ್ತದೆ. ಇಲ್ಲಿ ಎರಡನ್ನು ಸರಿಪಡಿಸಬೇಕು, ಅದೂ ನಿಗದಿತ ಕ್ರಮದಲ್ಲಿ. ಏಕೆ ಎರಡು? ಇದಕ್ಕೆ ಉತ್ತರ ಹುಡುಕಲು ಹೊರಟರೆ ರೋಟರಿ ಎಂಜಿನ್ನಿನ ಇತಿಹಾಸದ ಮುಖ್ಯ ಭಾಗವೇ ಎದುರಾಗುತ್ತದೆ.

ಈ ಎಂಜಿನ್ನನ್ನು ಕಲ್ಪಿಸಿದವರು ಜರ್ಮನಿಯ ಫೆಲಿಕ್ಸ್ ವಾಂಕೆಲ್ (1902-1988). ಅವರಿಗೆ ಎಂಜಿನಿಯರಿಂಗ್ ಪದವಿ ಇರಲಿಲ್ಲ. ಕಾರು ಓಡಿಸುವ ಪರವಾನಗಿಯೂ ಇರಲಿಲ್ಲ ಎನ್ನುತ್ತಾರೆ! ಪಿಸ್ಟನ್ ಮೇಲೆ ಹೋಗಿ ನಿಂತು, ಮತ್ತೆ ಕೆಳಗೆ ಬರುವ ಕುಲುಕಾಟ ಅವರಿಗೆ ಹಿಡಿಸಲಿಲ್ಲ. ಎಲ್ಲವೂ ತಿರುಗುತ್ತಲೇ ಇರಬೇಕೆಂಬುದು ಅವರ ಹಟ. ಎನ್‌ಎಸ್‌ಯು ಕಂಪನಿಯ ನೆಕರ್ಸುಲ್ಮ್ ಕಾರ್ಖಾನೆಯಲ್ಲಿ 1957ರ ಫೆಬ್ರವರಿಯಲ್ಲಿ ಅವರ ಮೊದಲ ಎಂಜಿನ್ ಓಡಿತು. ಅದರಲ್ಲಿ ಒಳಗಿನ ರೋಟರ್ ಅಷ್ಟೇ ಅಲ್ಲ, ಹೊರಗಿನ ಗೂಡೂ ತಿರುಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬದಲಿಸಬೇಕಾದರೆ ಎಂಜಿನ್ನನ್ನೇ ಬಿಚ್ಚಬೇಕಾಗಿತ್ತು. ಅದೇ ಕಂಪನಿಯ ಎಂಜಿನಿಯರ್ ಹಾನ್ಸ್ ಡೀಟರ್ ಪಾಶ್ಕೆ ಹೊರಗೂಡನ್ನು ನಿಲ್ಲಿಸಿದರು. ಪ್ಲಗ್ಗು ಕೈಗೆಟುಕುವ ಸ್ಥಿರವಾದ ಜಾಗಕ್ಕೆ ಬಂತು. ವಾಂಕೆಲ್‌ರಿಗೆ ಈ ಬದಲಾವಣೆ ಇಷ್ಟವಾಗಲಿಲ್ಲ. ಆದರೆ ಇಂದು ನಾವು ವಾಂಕೆಲ್ ಎಂಜಿನ್ ಎಂದು ಕರೆಯುವುದು ಪಾಶ್ಕೆ ರೂಪಿಸಿದ ಈ ಬಗೆಯನ್ನೇ.

ಎರಡು ಬೀಜದ ಕಡಲೆಕಾಯಿಯನ್ನು ನೆನಪಿಸಿಕೊಳ್ಳಿ. ನಡುವಿನಲ್ಲಿ ತುಸು ಒಳಸರಿದ ಆ ಆಕಾರದ ಗೂಡಿನೊಳಗೆ, ಉಬ್ಬಿದ ಬಾಹುಗಳ ತ್ರಿಕೋನಾಕಾರದ ರೋಟರ್ ತಿರುಗುತ್ತದೆ. ಅದರ ಮೂರು ತುದಿಗಳೂ ಸದಾ ಗೂಡಿನ ಗೋಡೆಗೆ ಅಂಟಿಕೊಂಡೇ ಸಾಗುತ್ತವೆ. ರೋಟರ್ ಒಂದು ಸುತ್ತು ಸುತ್ತುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ಸುತ್ತಿರುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಿ ಒಂದು ಹಂತಕ್ಕೆ ದಂಡ 180 ಡಿಗ್ರಿ ತಿರುಗಿದರೆ ಇಲ್ಲಿ 270 ಡಿಗ್ರಿ ತಿರುಗಬೇಕು. ಪ್ರತಿ ಕೋಣೆಯ ಗಾತ್ರ ಕಾಲದೊಂದಿಗೆ ಬದಲಾಗುವ ನಕ್ಷೆ ಬರೆದರೆ ಶುದ್ಧ ಸೈನ್ ವಕ್ರರೇಖೆ ಸಿಗುತ್ತದೆ. ಪಿಸ್ಟನ್ನಿನ ನಕ್ಷೆ ಇಷ್ಟು ಅಚ್ಚುಕಟ್ಟಲ್ಲ. ಭೌತವಿಜ್ಞಾನ ಕಲಿಸುವವನಿಗೆ ಇದನ್ನು ಕಂಡರೆ ಖುಷಿ. ಎಂಜಿನ್ ಹಗುರ, ಅದುರಾಟವೂ ಕಡಿಮೆ. ಹಗುರವೆಂಬ ಕಾರಣಕ್ಕೇ ಬೆಂಗಳೂರಿನ ಎನ್‌ಎಎಲ್ ಸೇರಿದಂತೆ ನಮ್ಮ ಸಂಸ್ಥೆಗಳು ‘ನಿಶಾಂತ್’ ಎಂಬ ಚಾಲಕರಹಿತ ವಿಮಾನಕ್ಕಾಗಿ ವಾಂಕೆಲ್ ಎಂಜಿನ್ ರೂಪಿಸಿದವು. ಆ ಎಂಜಿನ್ ಹೊತ್ತ ವಿಮಾನ 2009ರ ಮಾರ್ಚ್‌ನಲ್ಲಿ ಕೋಲಾರದಲ್ಲಿ ಹಾರಿತು.

ತೊಡಕು ಇರುವುದು ಬೆಂಕಿಯಲ್ಲಿ. ಪಿಸ್ಟನ್ನಿನ ಮೇಲಿನ ಕೋಣೆ ಡಬ್ಬಿಯಂತೆ ಗಿಡ್ಡ. ನಡುವೆ ಕಿಡಿ ಹಾರಿದರೆ ಜ್ವಾಲೆ ಎಲ್ಲ ಕಡೆಗೂ ಬೇಗ ಹರಡುತ್ತದೆ. ರೋಟರಿಯ ಕೋಣೆ ಉದ್ದ ಮತ್ತು ತೆಳು, ಜೊತೆಗೆ ಅದು ಓಡುತ್ತಲೇ ಇರುತ್ತದೆ. ಗೂಡಿನ ನಡು ಕಿರಿದಾಗುವಲ್ಲಿ ಅನಿಲವು ಹಿಂದಿನಿಂದ ಮುಂದಕ್ಕೆ ನುಗ್ಗುತ್ತದೆ. ಜ್ವಾಲೆ ಆ ಹರಿವಿನ ಜೊತೆ ಸುಲಭವಾಗಿ ಮುಂದಕ್ಕೆ ಹೋಗುತ್ತದೆ, ಎದುರಾಗಿ ಹಿಂದಕ್ಕೆ ಈಜಲಾರದು. ಹಾಗಾಗಿ ಕೋಣೆಯ ಹಿಂತುದಿಯಲ್ಲಿ ಒಂದಿಷ್ಟು ಪೆಟ್ರೋಲ್ ಉರಿಯದೆ ಉಳಿದು ಹೊಗೆಕೊಳವೆಗೆ ಸೇರುತ್ತದೆ.

ಎನ್‌ಎಸ್‌ಯು ಕಂಪನಿ 1964ರಲ್ಲಿ ಒಂದು ರೋಟರಿನ ಸ್ಪೈಡರ್ ಕಾರನ್ನೂ 1967ರಲ್ಲಿ ಎರಡು ರೋಟರುಗಳ ಆರ್‌ಒ 80 ಕಾರನ್ನೂ ಹೊರತಂದಿತು. ಆರ್‌ಒ 80 ಕಾರಿನ ತುದಿ ಸೀಲುಗಳು ಬೇಗ ಸವೆದವು. ಗ್ಯಾರಂಟಿಯಲ್ಲಿ ಎಂಜಿನ್ ಬದಲಿಸಿ ಕೊಡುವ ಹೊರೆಯೂ ಸೇರಿ ಕಂಪನಿ ಸೊರಗಿತು. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ಕೈಸೇರಿತು.

ಹಿರೋಶಿಮಾದ ಟೊಯೊ ಕೋಗ್ಯೊ, ಅಂದರೆ ಮಾಜ್ಡಾ, 1961ರಲ್ಲಿ ಎನ್‌ಎಸ್‌ಯುವಿನಿಂದ ಪರವಾನಗಿ ಪಡೆದಿತ್ತು. ಚಿಕ್ಕ ಕಾರು ಕಂಪನಿಗಳನ್ನು ದೊಡ್ಡವುಗಳೊಂದಿಗೆ ಸೇರಿಸಬೇಕೆಂಬ ಯೋಚನೆ ಆಗ ಜಪಾನ್ ಸರ್ಕಾರಕ್ಕಿತ್ತು. ತನ್ನದೇ ಆದ ಒಂದು ತಂತ್ರಜ್ಞಾನ ಇಲ್ಲದಿದ್ದರೆ ಮಾಜ್ಡಾ ಉಳಿಯುವುದು ಅನುಮಾನವಾಗಿತ್ತು. ಕೆನಿಚಿ ಯಾಮಾಮೊಟೊ ನೇತೃತ್ವದಲ್ಲಿ 47 ಎಂಜಿನಿಯರುಗಳ ತಂಡ ಕೆಲಸಕ್ಕಿಳಿಯಿತು. ಗೂಡಿನ ಒಳಗೋಡೆಯ ಮೇಲೆ ಸೀಲುಗಳು ಎಳೆದ ಗೀರುಗಳಿಗೆ ಅವರು ‘ದೆವ್ವದ ಉಗುರು’ ಎಂದು ಹೆಸರಿಟ್ಟರು. ಇಂಗಾಲ ಮತ್ತು ಅಲ್ಯುಮಿನಿಯಂ ಬೆರೆಸಿದ ಸೀಲುಗಳಿಂದ ಆ ಪೀಡೆ ಬಿಟ್ಟಿತು. 1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ರಸ್ತೆಗಿಳಿಯಿತು. ಅದರ ಎರಡು ರೋಟರುಗಳ ಒಟ್ಟು ಗಾತ್ರ 982 ಸಿಸಿ. ಪ್ರತಿ ರೋಟರಿಗೂ ಎರಡು ಪ್ಲಗ್.

ಈ ಎರಡು ಪ್ಲಗ್‌ಗಳು ಗೂಡಿನ ಕಿರಿದಾದ ನಡುವಿನ ಆಚೀಚೆ ಕೂತಿರುತ್ತವೆ. ರೋಟರಿನ ತುದಿ ಮೊದಲು ದಾಟುವುದು ಟ್ರೇಲಿಂಗ್ ಪ್ಲಗ್ಗನ್ನು, ನಂತರ ಲೀಡಿಂಗ್ ಪ್ಲಗ್ಗನ್ನು. ಆದರೆ ಕಿಡಿ ಮೊದಲು ಹಾರುವುದು ಲೀಡಿಂಗ್‌ನಲ್ಲಿ! ದಹನದ ಹೆಚ್ಚಿನ ಪಾಲು ಅದರದೇ. ಟ್ರೇಲಿಂಗ್ ಪ್ಲಗ್ ಹಿಂದೆ ಉಳಿದ ಮಿಶ್ರಣಕ್ಕೆ ತಡವಾಗಿ ಬೆಂಕಿ ಕೊಡುತ್ತದೆ. ಅದರ ರಂಧ್ರವನ್ನೂ ಬಲು ಕಿರಿದಾಗಿ ಕೊರೆದಿರುತ್ತಾರೆ. ಸೀಲು ಅದರ ಮೇಲೆ ಹಾಯುವಾಗ ಎರಡೂ ಕಡೆಯ ಒತ್ತಡಗಳ ನಡುವೆ ಭಾರಿ ವ್ಯತ್ಯಾಸವಿರುವುದರಿಂದ, ರಂಧ್ರ ದೊಡ್ಡದಿದ್ದರೆ ಅನಿಲ ಪಕ್ಕದ ಕೋಣೆಗೆ ಸೋರುತ್ತದೆ.

ಈಗ ಪುಲ್ಲಿಗೆ ಹಿಂದಿರುಗೋಣ. ಆರಂಭದ ಆರ್‌ಎಕ್ಸ್-7ರಲ್ಲಿ ಲೀಡಿಂಗ್ ಕಿಡಿಗೆ ಸೊನ್ನೆ ಡಿಗ್ರಿ, ಅಂದರೆ ಕೋಣೆ ಅತಿ ಚಿಕ್ಕದಾದ ಕ್ಷಣ. ಟ್ರೇಲಿಂಗ್ ಕಿಡಿಗೆ ಆ ಕ್ಷಣ ಕಳೆದು 20 ಡಿಗ್ರಿ. ಎಂಜಿನ್ ಬಿಸಿಯಾದ ಮೇಲೆ ಅದನ್ನು ನಿಮಿಷಕ್ಕೆ ಸುಮಾರು 750 ಸುತ್ತಿನ ಐಡಲ್‌ನಲ್ಲಿ ಬಿಡಬೇಕು. ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಮುಂದಿನ ರೋಟರಿನ ಲೀಡಿಂಗ್ ತಂತಿಗೆ ಸಿಕ್ಕಿಸಿ ಬೆಳಕು ಬಿಟ್ಟರೆ ಹಳದಿ ಗುರುತು ನಿಂತಂತೆ ಕಾಣುತ್ತದೆ. ಡಿಸ್ಟ್ರಿಬ್ಯೂಟರಿನ ನಟ್ ಸಡಿಲಿಸಿ, ಗುರುತು ಮುಳ್ಳಿನ ನೇರಕ್ಕೆ ಬರುವವರೆಗೆ ತಿರುಗಿಸಿ ಬಿಗಿ ಮಾಡಬೇಕು. ಆಮೇಲೆ ಕ್ಲಿಪ್ಪನ್ನು ಟ್ರೇಲಿಂಗ್ ತಂತಿಗೆ ಹಾಕಿ ಕೆಂಪು ಗುರುತನ್ನು ನೋಡಬೇಕು. ಅದಕ್ಕೆ ಬೇರೆಯೇ ಹೊಂದಾಣಿಕೆ ಇದೆ. ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಎರಡು ಕಿಡಿಗಳೂ ಒಟ್ಟಿಗೆ ಸರಿಯುತ್ತವಾದ್ದರಿಂದ ಲೀಡಿಂಗ್ ಮೊದಲು ಆಗಲೇಬೇಕು. ಹಳೆಯ ಮಾಜ್ಡಾಗಳಲ್ಲಿ ಎರಡು ಕಿಡಿಗಳಿಗೆ ಎರಡು ಡಿಸ್ಟ್ರಿಬ್ಯೂಟರ್‌ಗಳೇ ಇದ್ದವು. ಅಲ್ಲಿ ಈ ಗೊಂದಲವಿಲ್ಲ.

ಇಪ್ಪತ್ತು ಡಿಗ್ರಿ ಎಷ್ಟು ಕಾಲ? ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 750 ಸುತ್ತು ಎಂದರೆ ಸೆಕೆಂಡಿಗೆ 4500 ಡಿಗ್ರಿ. ಆಗ 20 ಡಿಗ್ರಿಗೆ ಸುಮಾರು 4.4 ಮಿಲಿಸೆಕೆಂಡ್. 6000 ಸುತ್ತಿನಲ್ಲಿ ಅದು 0.56 ಮಿಲಿಸೆಕೆಂಡಿಗೆ ಇಳಿಯುತ್ತದೆ. ಆದ್ದರಿಂದಲೇ ವೇಗ ಏರಿದಂತೆ ಡಿಸ್ಟ್ರಿಬ್ಯೂಟರಿನ ಒಳಗಿನ ತೂಕದ ತುಂಡುಗಳು ಹೊರಕ್ಕೆ ಸರಿದು ಕಿಡಿಯನ್ನು ಮುಂಚಿತಗೊಳಿಸುತ್ತವೆ. ಕಿಡಿ ತಡವಾದರೆ ಶಕ್ತಿ ಪೋಲಾಗಿ ಹೊಗೆಕೊಳವೆ ಕಾಯುತ್ತದೆ. ವಿಪರೀತ ಬೇಗವಾದರೆ ಮಿಶ್ರಣ ಒಮ್ಮೆಲೇ ಸ್ಫೋಟಿಸಿ, ತುದಿಯ ಸೀಲು ಬಿರುಕು ಬಿಡಬಹುದು. ಸೀಲು ಮುರಿದರೆ ಎಂಜಿನ್ ಬಿಚ್ಚದೆ ಬೇರೆ ದಾರಿಯಿಲ್ಲ.

ತಡವಾದ ಕಿಡಿಯಿಂದಲೂ ಒಂದು ಲಾಭವಿತ್ತು. ಅಮೆರಿಕ 1970ರಲ್ಲಿ ಹೊಗೆಯ ಕಾನೂನನ್ನು ಬಿಗಿಗೊಳಿಸಿದಾಗ ರೋಟರಿಯ ಉರಿಯದ ಪೆಟ್ರೋಲ್ ದೊಡ್ಡ ಸಮಸ್ಯೆಯಾಯಿತು. ಮಾಜ್ಡಾ ಹೊಗೆಮಾರ್ಗದಲ್ಲಿ ಉಷ್ಣ ಕೋಣೆಯೊಂದನ್ನು ಕೂರಿಸಿ, ಗಾಳಿ ಊದಿ, ಉಳಿದುದನ್ನು ಅಲ್ಲೇ ಉರಿಸಿತು. ಅದಕ್ಕೆ ಹೊಗೆ ಬಿಸಿಯಾಗಿರಬೇಕು. ಪೆಟ್ರೋಲನ್ನು ಚಕ್ರಕ್ಕೆ ಉಪಯೋಗವಾಗದಂತೆ ಹೊಗೆಮಾರ್ಗದಲ್ಲಿ ಉರಿಸುವುದು ಜಾಣತನವೇ ಎಂಬ ಪ್ರಶ್ನೆಗೆ 1973ರ ತೈಲ ಬಿಕ್ಕಟ್ಟು ಕಟುವಾಗಿ ಉತ್ತರಿಸಿತು. ಕಾರುಗಳು ಮಾರಾಟವಾಗದೆ ಉಳಿದು, ಸುಮಿಟೊಮೊ ಬ್ಯಾಂಕ್ ಕೈಹಿಡಿದು ಮಾಜ್ಡಾವನ್ನು ಉಳಿಸಬೇಕಾಯಿತು. ಆರ್‌ಎಕ್ಸ್-7 ಬಂದದ್ದು ಆ ಪೆಟ್ಟಿನ ನಂತರ.

ಅದರ ಎರಡನೆಯ ಪೀಳಿಗೆಯಲ್ಲಿ ಡಿಸ್ಟ್ರಿಬ್ಯೂಟರಿನ ಜಾಗಕ್ಕೆ ದಂಡದ ಕೋನ ಅಳೆಯುವ ಸಂವೇದಕ ಬಂತು, ಕಿಡಿಯ ವೇಳೆ ಕಂಪ್ಯೂಟರಿನ ಪಾಲಾಯಿತು. 1991ರಲ್ಲಿ ಲ ಮಾನ್ ಪಂದ್ಯ ಗೆದ್ದ ಮಾಜ್ಡಾ 787ಬಿ ಕಾರಿನ ನಾಲ್ಕು ರೋಟರುಗಳಿಗೆ ಒಂದೊಂದಕ್ಕೂ ಮೂರು ಪ್ಲಗ್‌ಗಳಿದ್ದವು. ಉದ್ದನೆಯ ಕೋಣೆಯ ಹಿಂತುದಿಯನ್ನು ತಲುಪಲು ಎರಡೂ ಸಾಲದೆಂದು ಅವರಿಗೆ ಕಂಡಿತ್ತು.